ಹೊನ್ನಯ್ಯನವರ ತಾರಸಿ

ಊರಿಗೆ ಕಾಲಿಡದೆ ಊರಿಗೆ ವೈಫೈ ಹಾಕಬಲ್ಲೆ ಎನ್ನುವುದು ರಘುನಂದನನ ದೊಡ್ಡ ಹೆಮ್ಮೆಯಾಗಿತ್ತು. ಮಂಡ್ಯದ ನೂರಡಿ ರಸ್ತೆಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅವನ ಆಫೀಸು. ಶಾಲೆ, ಕಲ್ಯಾಣ ಮಂಟಪ, ಪಂಚಾಯಿತಿಗಳಿಗೆ ತಂತಿಯಿಲ್ಲದ ನೆಟ್ಟು ಕೊಡುವ ಸಣ್ಣ ಕಂಪನಿ ಅದು. ಯಾವ ಡಬ್ಬಿ ಯಾವ ಗೋಡೆಗೆ, ಯಾವ ಡಿಶ್ಶು ಯಾವ ಕಂಬಕ್ಕೆ, ಯಾವುದು ಯಾವುದರ ಕಡೆಗೆ ಮುಖ ಮಾಡಿ ನಿಲ್ಲಬೇಕು ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆದು ಕೊಡುವುದು ಅವನ ಕೆಲಸ. ವಯಸ್ಸು ಮೂವತ್ತೆರಡು. ಹುಟ್ಟಿದ್ದು ಪಕ್ಕದ ಹೊಳಲಿನಲ್ಲಿ, ಮೂರು ತಲೆಮಾರಿನಿಂದ ಕಬ್ಬು ಬೆಳೆಯುವ ಮನೆಯಲ್ಲಿ. ಆದರೆ ಗದ್ದೆಯ ಬದುವಿಗೆ ಕಾಲಿಟ್ಟು ಹದಿನೈದು ವರ್ಷವಾಗಿತ್ತು, ಅದನ್ನೂ ಅವನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ಮಾರ್ಚಿನಲ್ಲಿ ಕೊಪ್ಪದ ಕೆಲಸ ಬಂತು. ಕೊಪ್ಪದ ಪಂಚಾಯಿತಿ ಕಚೇರಿಯವರೆಗೆ ಕೇಬಲ್ಲು ಬಂದಿತ್ತು. ಅಲ್ಲಿಂದ ಎರಡು ಕಿಲೋಮೀಟರ್ ಆಚೆಯ ಕಾಳಮ್ಮನದೊಡ್ಡಿಗೆ ಗಾಳಿಯ ಮೇಲೆ ನೆಟ್ಟು ಹಾಯಿಸಬೇಕು. ದೊಡ್ಡಿಯ ಹಾಲಿನ ಡೈರಿಯ ಮೇಲೆ ಒಂದು ಡಿಶ್ಶು, ಪಂಚಾಯಿತಿಯ ಮೇಲೆ ಇನ್ನೊಂದು. ಎರಡೂ ಒಂದರ ಮುಖ ಒಂದು ನೋಡುತ್ತಿದ್ದರೆ ಸಾಕು, ದೊಡ್ಡಿಯ ಶಾಲೆ, ಡೈರಿ, ಬೀದಿ ಎಲ್ಲಕ್ಕೂ ನೆಟ್ಟು. ಅಲ್ಲಿಯವರೆಗೆ ಆ ಊರಿನವರು ಫೋನಿಗೆ ಸಿಗ್ನಲ್ ಬೇಕಾದರೆ ಬಿರುಕು ಬಿಟ್ಟ ನೀರಿನ ಟ್ಯಾಂಕು ಹತ್ತುತ್ತಿದ್ದರು. ಪಂಚಾಯಿತಿಯವರು ‘ಹತ್ತಬೇಡಿ, ಬಿದ್ದೀತು’ ಎಂದು ಬೋರ್ಡು ಹಾಕಿದ ಮೇಲೆ ಬೋರ್ಡಿನವರೆಗೆ ಮಾತ್ರ ಹತ್ತುತ್ತಿದ್ದರು.

‘ಒಂದ್ಸಲ ಹೋಗಿ ನೋಡ್ಕಂಡು ಬರೋಣ ಸಾರ್’ ಎಂದಳು ಶೋಭಿತಾ. ಅವಳು ಆ ಕಂಪನಿಯ ಇನ್ನೊಬ್ಬ ಇಂಜಿನಿಯರು. ಕಂಬ ನೆಡಿಸುವುದು, ಏಣಿ ಹತ್ತುವುದು, ಊರಿನವರ ಕೈಲಿ ಬೈಸಿಕೊಳ್ಳುವುದು, ಈ ಮೂರು ಅವಳ ಪಾಲಿಗೆ ಬಂದಿದ್ದವು.

‘ಆಕಾಶದಿಂದ ಉಪಗ್ರಹವೇ ನೋಡಿದೆ. ಅದಕ್ಕಿಂತ ನಿನ್ನ ಕಣ್ಣು ಚೆನ್ನಾಗಿದೆಯೇನು?’ ಎಂದ ರಘುನಂದನ. ಪರದೆಯ ಮೇಲೆ ಕೊಪ್ಪಕ್ಕೂ ದೊಡ್ಡಿಗೂ ನಡುವೆ ಬೋಳು ನೆಲ, ಒಂದು ಸಣ್ಣ ಏರು, ಅಷ್ಟೆ. ಗೆರೆ ಎಳೆದ. ಡೈರಿಯ ಮೇಲೆ ಆರಡಿ ಕಂಬ ಸಾಕೆಂದು ಬರೆದ. ಏಪ್ರಿಲ್‌ನಲ್ಲಿ ಶೋಭಿತಾ ಕಂಬ ನಿಲ್ಲಿಸಿದಳು. ನೆಟ್ಟು ಕಾಲುವೆಗೆ ನೀರು ಬಿಟ್ಟಂತೆ ಬಂತು. ರಘುನಂದನ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ತನಗೆ ತಾನೇ ಶಹಭಾಸ್ ಹೇಳಿಕೊಂಡ.

ಜುಲೈನಲ್ಲಿ ಡೈರಿಯ ಕಾರ್ಯದರ್ಶಿ ಶಿವರಾಮು ಫೋನು ಮಾಡಿದ. ‘ಸಾರ್, ನಿಮ್ ತಟ್ಟೆ ಯಾಕೋ ಸುಸ್ತಾಗೈತೆ.’

‘ಆಫ್ ಮಾಡಿ ಆನ್ ಮಾಡಿ’ ಎಂದ ರಘುನಂದನ. ಆಗಸ್ಟಿನಲ್ಲಿ ಮಳೆಯ ಕಾರಣ ಹೇಳಿದ. ಸೆಪ್ಟೆಂಬರಿನಲ್ಲಿ ಕೋತಿಗಳ ಮೇಲೆ ಹೊರಿಸಿದ. ಶಿವರಾಮು ದೃಷ್ಟಿಯಾಗಿರಬಹುದೆಂದು ಡಿಶ್ಶಿಗೆ ಒಂದು ಹಳೆಯ ಚಪ್ಪಲಿ, ನಾಲ್ಕು ಮೆಣಸಿನಕಾಯಿ ಕಟ್ಟಿದ. ಅದರಿಂದ ಎರಡು ದಿನ ಸ್ವಲ್ಪ ಚೇತರಿಕೆ ಕಂಡಿತೆಂದು ಈಗಲೂ ಆಣೆ ಮಾಡಿ ಹೇಳುತ್ತಾನೆ. ಅಕ್ಟೋಬರಿನ ಮೊದಲ ವಾರ ತಟ್ಟೆ ಪೂರ್ತಿ ಕಣ್ಣು ಮುಚ್ಚಿತು.

ಬರುವ ಸೋಮವಾರ ಅಧಿಕಾರಿಗಳು ನೆಟ್ಟಿನ ಪರೀಕ್ಷೆಗೆ ಬರುವವರಿದ್ದರು. ಅವರು ಒಪ್ಪಿದರೆ ಹಲಗೂರಿನವರೆಗೆ ಹದಿನೆಂಟು ಹಳ್ಳಿಯ ಕೆಲಸ ಕಂಪನಿಗೆ, ಅದರ ಯಜಮಾನಿಕೆ ರಘುನಂದನನಿಗೆ. ಒಪ್ಪದಿದ್ದರೆ ಏನು ಎಂಬುದನ್ನು ಕಂಪನಿಯ ಮಾಲೀಕ ರಾಜೇಂದ್ರ ಸುತ್ತಿ ಬಳಸದೆ ಹೇಳಿಬಿಟ್ಟಿದ್ದ: ‘ಮತ್ತೆ ಕಲ್ಯಾಣ ಮಂಟಪದ ಕ್ಯಾಮರಾ ಒರೆಸೋಕೆ ಹೋಗ್ತೀಯಾ, ನೋಡ್ಕೋ.’ ರಘುನಂದನ ಆರು ವರ್ಷ ಸಿಸಿ ಕ್ಯಾಮರಾ ಒರೆಸಿ ಮೇಲೆ ಬಂದವನು. ಆ ಏಣಿಯನ್ನು ಮತ್ತೆ ಇಳಿಯುವುದೆಂದರೆ ಅವನಿಗೆ ಜೀವ ಹೋದ ಹಾಗಾಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಅವನು ಮೊದಲ ಸಲ ಕಾಳಮ್ಮನದೊಡ್ಡಿಯ ಡೈರಿಯ ಮೇಲೆ ಹತ್ತಿ ನಿಂತು ಕೊಪ್ಪದ ಕಡೆ ನೋಡಿದ. ಕೊಪ್ಪ ಕಾಣಲಿಲ್ಲ. ಕಾಣುತ್ತಿದ್ದದ್ದು ಹಸಿರು. ಏರಿನ ಮೇಲೆ ಗೋಡೆ ಕಟ್ಟಿದ ಹಾಗೆ ಹನ್ನೆರಡು ಅಡಿಯ ಕಬ್ಬು ಗಾಳಿಗೆ ತಲೆಯಾಡಿಸುತ್ತಿತ್ತು. ಕೆಳಗೆ ಹಾಲಿನ ಕ್ಯಾನು ಹಿಡಿದು ಆ ಗದ್ದೆಯ ಒಡೆಯ ಮರಿಸಿದ್ದಯ್ಯ ನಿಂತಿದ್ದ.

‘ಏನಪ್ಪಾ ಹುಡುಕ್ತಾ ಇದ್ದೀಯ?’

‘ಕೊಪ್ಪದ ಪಂಚಾಯಿತಿ ಆಫೀಸು.’

‘ಅದು ಎಲ್ಲೂ ಓಗಿಲ್ಲ ಕಣಪ್ಪ. ನನ್ ಕಬ್ಬಿನ ಇಂದ್ಗಡೆ ಐತೆ.’

‘ಮಾರ್ಚಿನಲ್ಲಿ ಇಲ್ಲಿ ಕಬ್ಬೇ ಇರಲಿಲ್ಲವಲ್ಲ!’

‘ಮಾರ್ಚಿಲಿ ಕಡುದಿದ್ದೊ. ಕಡುದ್ ಮ್ಯಾಲೆ ಬುಡದಿಂದ ಕೂಳೆ ಬೆಳೀತದೆ. ನಿಮ್ ಕಡೆ ಬೆಳೆಯಾಕಿಲ್ವಾ? ಯಾವೂರಪ್ಪ ನಿಂದು?’

ರಘುನಂದನ ದನಿ ತಗ್ಗಿಸಿ, ‘ಹೊಳಲು’ ಎಂದ.

ಮರಿಸಿದ್ದಯ್ಯ ಕ್ಯಾನನ್ನು ಕೆಳಗಿಟ್ಟ. ನಗಲಿಕ್ಕೆ ಎರಡು ಕೈಯೂ ಬೇಕಾದವು. ‘ಲೇ ಸಿವರಾಮು, ಬಾರ್ಲಾ ಇಲ್ಲಿ! ಹೊಳಲೋರಿಗೆ ಕಬ್ಬು ಬೆಳೀತದೆ ಅನ್ನಾದು ಗೊತ್ತಿಲ್ವಂತೆ ಕಣ್ಲಾ!’ ಹಾಲು ಹಾಕಲು ಬಂದಿದ್ದ ಇಪ್ಪತ್ತು ಜನ ಸೂರಿನ ಮೇಲಿದ್ದವನನ್ನು ಕತ್ತೆತ್ತಿ ನೋಡಿದರು. ಬಯಲುಸೀಮೆಯ ಆ ಕಡೆಯವನೋ, ಸಮುದ್ರದ ದಡದವನೋ ಆಗಿದ್ದರೆ ಕ್ಷಮಿಸಬಹುದಿತ್ತು. ಮಂಡ್ಯದ ಗಂಡು ಕಬ್ಬನ್ನು ಮರೆತನೆಂದರೆ ಅದು ಹೆತ್ತ ತಾಯಿಯ ಹೆಸರು ಮರೆತ ಲೆಕ್ಕವೇ.

‘ಸ್ವಲ್ಪ ಬೇಗ ಕಡಿಯೋಕಾಗಲ್ವಾ?’ ಎಂದು ಕೇಳಿ ಅವನು ಇನ್ನಷ್ಟು ಹಾಳಾದ.

‘ಕಾರ್ಖಾನೆಯಿಂದ ಪರ್ಮಿಟ್ಟು ಬರಾದೆ ಪೆಬ್ರವರಿಗೆ. ನಿನ್ ತಟ್ಟೆ ಇನ್ನೊಂದು ತಟ್ಟೆ ಮೊಕ ನೋಡ್ಲಿ ಅಂತ ಎರಡೆಕ್ರೆ ಎಳೇ ಕಬ್ಬು ಕಡಿಯನಾ? ಒಳ್ಳೆ ಕತೆ ಆಯ್ತಲ್ಲಪ್ಪ ನಿಂದು!’

ಮೂವತ್ತು ಅಡಿಯ ಕಂಬ ನಿಲ್ಲಿಸಲು ತಳಪಾಯ, ಬಿಗಿ ತಂತಿ, ಅನುಮತಿ ಎಲ್ಲ ಸೇರಿ ಒಂದು ತಿಂಗಳು ಬೇಕು. ಇದ್ದದ್ದು ಐದು ದಿನ. ಶೋಭಿತಾ ಆಗಲೇ ಊರೆಲ್ಲ ಒಂದು ಸುತ್ತು ಹಾಕಿ ಬಂದಿದ್ದಳು. ಬೆರಳು ಮಾಡಿ ತೋರಿಸಿದಳು. ಊರಂಚಿನಲ್ಲಿ ಗಿಳಿಹಸಿರು ಬಣ್ಣದ ಮೂರಂತಸ್ತಿನ ಮನೆ. ಅದರ ತಾರಸಿಯ ನೀರಿನ ತೊಟ್ಟಿಯ ಮೇಲಿಂದ ಕೊಪ್ಪವೂ ಕಾಣುತ್ತದೆ, ಡೈರಿಯೂ ಕಾಣುತ್ತದೆ. ಅಲ್ಲೊಂದು ಜೋಡಿ ಡಿಶ್ಶು ಕಟ್ಟಿ ನೆಟ್ಟನ್ನು ಅಲ್ಲಿ ಹತ್ತಿಸಿ ಇಲ್ಲಿ ಇಳಿಸಿದರೆ ಆಯಿತು.

‘ಅದು ಯಾರ ಮನೆ?’

‘ಹೊನ್ನಯ್ಯನೋರ್ದು ಸಾರ್’ ಎಂದ ಶಿವರಾಮು. ‘ಮಗಳು ಕವಿತನ ಮದ್ವೆಗೆ ಅಂತ ಮ್ಯಾಲಕ್ಕೆ ಎರಡಂತಸ್ತು ಎಬ್ಬಿಸಿದ್ರು.’

ರಘುನಂದನ ಆ ಹೆಸರು ಕೇಳಿದ್ದ. ಹಾಗಾದರೆ ಊರಿಗೆ ಇದೇ ಮೊದಲ ಸಲವಲ್ಲ. ಎರಡು ವರ್ಷದ ಹಿಂದೆ ಒಂದು ಭಾನುವಾರ ಅಪ್ಪ ಅಮ್ಮ ಸೋದರಮಾವನ ಜೊತೆ ಕಾರಿನ ಹಿಂದಿನ ಸೀಟಿನಲ್ಲಿ ಫೋನು ನೋಡುತ್ತ ಬಂದು, ಫೋನು ನೋಡುತ್ತ ಹೋಗಿದ್ದ ಊರು ಇದು. ಆಗ ಮನೆಗೆ ಒಂದೇ ಅಂತಸ್ತಿತ್ತು, ಬಣ್ಣ ನೀಲಿಯಾಗಿತ್ತು. ಅಂದು ಅವನು ಕವಿತಳನ್ನು ನೋಡಲು ಬಂದಿದ್ದ. ಉಪ್ಪಿಟ್ಟು, ಕೇಸರಿಬಾತು ತಿಂದ. ಹುಡುಗಿ ಚೆನ್ನಾಗಿದ್ದಳು, ಮಾತು ನೇರ, ಕಣ್ಣಿನಲ್ಲಿ ನಗು. ಹೊರಡುವಾಗ ಅವನ ಮಾವ ಎಲ್ಲರೂ ಹೇಳುವ ಮಾತನ್ನೇ ಹೇಳಿದ: ಯೋಚನೆ ಮಾಡಿ ತಿಳಿಸ್ತೀವಿ. ಆಮೇಲೆ ತಿಳಿಸಲೇ ಇಲ್ಲ. ಇವತ್ತು ಮಾಡೋಣ, ನಾಳೆ ಮಾಡೋಣ ಎಂದು ವಾರಗಳು ಹೋದವು. ತಡವಾದಷ್ಟೂ ಫೋನು ಮಾಡುವುದು ಕಷ್ಟವಾಯಿತು. ಆರು ತಿಂಗಳಾದ ಮೇಲೆ ಅದು ಅಸಾಧ್ಯವೇ ಆಗಿಹೋಯಿತು.

ಅವನು ಬೇರೆ ದಾರಿ ಹುಡುಕಲು ನೋಡಿದ. ಹುಣಸೆಮರಕ್ಕೆ ಕಟ್ಟಬಹುದಲ್ಲ ಎಂದ. ಗಾಳಿಗೆ ಅಲುಗಾಡುತ್ತದೆ ಎಂದಳು ಶೋಭಿತಾ. ನೀರಿನ ಟ್ಯಾಂಕು? ನೀವು ಹತ್ತುವುದಾದರೆ ಸರಿ ಎಂದಳು. ಶಾಲೆಯ ಧ್ವಜಸ್ತಂಭ ಎಂದಾಗ ಅವಳು ಏಣಿಯನ್ನು ಹೆಗಲಿಗೇರಿಸಿ ಹಸಿರು ಮನೆಯ ಕಡೆ ನಡೆದಳು.

ಬಾಗಿಲು ತೆಗೆದವಳು ಹೊನ್ನಯ್ಯನ ಹೆಂಡತಿ ಯಶೋದಮ್ಮ. ರಘುನಂದನನನ್ನು ನೋಡಿದಳು. ಗುರುತು ಸಿಕ್ಕಿತು ಎನ್ನುವುದು ಅವಳ ಮುಖದಲ್ಲಿ ಒಂದು ಗಳಿಗೆ ಕಂಡು ಮಾಯವಾಯಿತು. ‘ಬನ್ನಿ, ಕೂತ್ಕಳಿ’ ಎಂದಳು. ಎರಡು ವರ್ಷದ ಹಿಂದೆ ಕೂತಿದ್ದ ಅದೇ ನಡುಮನೆಯಲ್ಲಿ, ಅದೇ ಫ್ಯಾನಿನ ಕೆಳಗೆ ಅವನು ಕೂತ. ಹೊನ್ನಯ್ಯ ಪೇಪರು ಮಡಚಿ ನಮಸ್ಕಾರ ಹೇಳಿ ಮತ್ತೆ ಪೇಪರು ಬಿಚ್ಚಿದ. ‘ಮನೆ ವಿಚಾರ ಎಲ್ಲ ಅವಳ್ದೆಯ’ ಎಂದು ಪೇಪರಿನ ಹಿಂದಿನಿಂದ ಹೇಳಿದ. ಪಕ್ಕದ ಮನೆಯ ಮಂಚಮ್ಮ ಸಕ್ಕರೆ ಕೇಳುವ ನೆಪದಲ್ಲಿ ಬಂದು, ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕಂಬಕ್ಕೊರಗಿ ಕೂತುಬಿಟ್ಟಳು.

ಉಪ್ಪಿಟ್ಟು ಬಂತು, ಕಾಪಿ ಬಂತು. ಡಿಶ್ಶು ಕಟ್ಟಲು ತಾರಸಿಯ ಮೇಲೆ ಜಾಗ ಬೇಕೆಂದು ರಘುನಂದನ ಕೇಳಿಕೊಂಡ. ಯಶೋದಮ್ಮ ಎದುರಿಗೆ ಕುಳಿತು ಅವರು ಜೊತೆಗೆ ತಂದಿದ್ದ ಡಿಶ್ಶನ್ನು ಮೇಲಿಂದ ಕೆಳಗೆ ನೋಡಿದಳು. ‘ಎಸ್ಟ್ ಎತ್ರ ಐತೆ?’ ಎಂದು ಕೇಳಿದಳು.

‘ಒಂದೂವರೆ ಅಡಿ.’

‘ಇನ್ನ ಬೆಳೀತದಾ?’

‘ಇಲ್ಲ, ಅಷ್ಟೇ.’

‘ತೂಕ? ಸದ್ದುಗಿದ್ದು ಮಾಡ್ತದಾ? ಕರೆಂಟು ಏಟು ತಿಂತದೆ? ಮೊದ್ಲು ಎಲ್ಲಿತ್ತು, ಅಲ್ಲಿಂದ ಯಾಕ್ ಬುಟ್ ಬಂತು?’

‘ಇದರ ಕಂಪ್ನಿ ಎಂತದು?’ ಎಂದು ಮಂಚಮ್ಮ ನಡುವೆ ಬಾಯಿ ಹಾಕಿದಳು. ‘ಮನೆತನ ಒಳ್ಳೇದಾ?’

ರಘುನಂದನ ಬೆವರು ಒರೆಸಿಕೊಳ್ಳುತ್ತ ಒಂದೊಂದಕ್ಕೂ ಉತ್ತರ ಕೊಟ್ಟ. ಶೋಭಿತಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು, ಅವಳ ಭುಜ ಮಾತ್ರ ಅಲುಗುತ್ತಿತ್ತು. ಎಲ್ಲ ಕೇಳಿ ಮುಗಿದ ಮೇಲೆ ಯಶೋದಮ್ಮ ತಟ್ಟೆ ಲೋಟ ಎತ್ತಿಕೊಂಡು ಎದ್ದಳು. ‘ಆಯ್ತು ಕಣಪ್ಪ. ಮನೇವ್ರೆಲ್ಲ ಕೂತು ಯೋಚ್ನೆ ಮಾಡಿ ತಿಳಿಸ್ತೀವಿ.’

ಏಟು ಎಲ್ಲಿಗೆ ಬಿತ್ತೆಂದು ರಘುನಂದನನಿಗೆ ಚೆನ್ನಾಗಿ ಗೊತ್ತಾಯಿತು. ಆದರೂ ಕೈಮುಗಿದು ಬಂದ. ಬೇರೇನು ಮಾಡಿಯಾನು?

ಬುಧವಾರ ಫೋನು ಬರಲಿಲ್ಲ. ಗುರುವಾರ ಎರಡು ಸಲ ಬಂತು, ಎರಡೂ ಸಾಲ ಬೇಕೇ ಎಂದು ಕೇಳುವವರದು. ರಘುನಂದನ ಫೋನನ್ನು ಬಚ್ಚಲಿಗೂ ತೆಗೆದುಕೊಂಡು ಹೋಗಲಾರಂಭಿಸಿದ. ಶುಕ್ರವಾರ ಶಿವರಾಮುವಿನ ಮೂಲಕ ವಿಚಾರಿಸಿದ. ‘ಅಮಾಸೆ ಕಳೀಲಿ ಅಂದವ್ರೆ’ ಎಂದ ಶಿವರಾಮು. ಅಮಾವಾಸ್ಯೆ ಮುಂದಿನ ವಾರವಿತ್ತು. ಇಲ್ಲ ಎಂದಿದ್ದರೆ ಬೇರೆ ಏನಾದರೂ ನೋಡಬಹುದಿತ್ತು. ಹೂಂ ಎಂದಿದ್ದರೆ ಕೆಲಸ ಶುರು ಮಾಡಬಹುದಿತ್ತು. ಎರಡೂ ಅಲ್ಲದ ಜಾಗದಲ್ಲಿ ಮನುಷ್ಯ ಹೇಗೆ ತಿಂದು ಹೇಗೆ ಮಲಗುತ್ತಾನೆ ಎಂದು ಅವನಿಗೆ ಆಶ್ಚರ್ಯವಾಯಿತು. ಶನಿವಾರ ಅವನು ಊಟವನ್ನೇ ಮರೆತ.

ಭಾನುವಾರ ಮಧ್ಯಾಹ್ನ ತಡೆಯಲಾರದೆ ಶೋಭಿತಾಳನ್ನೂ ಏಣಿಯನ್ನೂ ಕರೆದುಕೊಂಡು ದೊಡ್ಡಿಗೆ ಹೋದ. ನಡುಮನೆಯಲ್ಲಿ ಯಶೋದಮ್ಮ ಅವರೆಕಾಯಿ ಸುಲಿಯುತ್ತಿದ್ದಳು, ಮಂಚಮ್ಮ ನೆರವಾಗುತ್ತಿದ್ದಳು. ಹೊನ್ನಯ್ಯ ಪೇಪರಿನ ಹಿಂದೆ ಇದ್ದ.

‘ಯಶೋದಮ್ಮನೋರೇ, ನಾಳೆ ಪರೀಕ್ಷೆ. ಏನಾದರೂ ಒಂದು ಹೇಳಿಬಿಡಿ. ಇಲ್ಲ ಅಂದರೆ ಇಲ್ಲ ಅಂತಾದರೂ ಹೇಳಿ’ ಎಂದ. ದನಿ ಅಳುವಿಗೆ ಹತ್ತಿರವಿತ್ತು.

ಯಶೋದಮ್ಮನ ಕೈ ನಿಂತಿತು. ‘ಏಟ್ ದಿನ ಆಯ್ತಪ್ಪ ಕಾಯಾಕ್ ಸುರು ಮಾಡಿ?’

‘ಐದು ದಿನ.’

‘ನಾನು ಐದ್ ತಿಂಗ್ಳು ಕಾದೆ.’ ಅವಳು ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ತಳ್ಳಿದಳು. ‘ಬಾವಿ ತಾವು ಓದ್ರೆ ಮಂಡ್ಯದೋರು ಏನಂದ್ರು ಅನ್ನೋರು, ಡೈರಿ ತಾವು ಓದ್ರೆ ಮಂಡ್ಯದೋರು ಏನಂದ್ರು ಅನ್ನೋರು. ಆಸಾಡ ಕಳೀಲಿ ಅಂದವ್ರೆ ಅಂತ ಸುಳ್ಳೇಳ್ದೆ. ಹುಡುಗನ ತಾತಂಗೆ ಉಸಾರಿಲ್ವಂತೆ ಅಂತ ಸುಳ್ಳೇಳ್ದೆ. ನೀನು ಏಳ್ದೆ ಇದ್ದಿದ್ದನ್ನೆಲ್ಲ ನಾನು ಏಳ್ದೆ ಕಣಪ್ಪ, ಊರ್ ತುಂಬ. ಬಂದ ಎರಡು ಸಂಬಂದನೂ ನಿಲ್ಲಿಸ್ದೆ, ಒಂದ್ ಮಾತು ಬಾಕಿ ಐತೆ ಅಂತ.’

ರಘುನಂದನ ತಲೆ ತಗ್ಗಿಸಿದ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ತನ್ನ ಒಂದು ಫೋನಿನ ಸೋಮಾರಿತನ ಇಷ್ಟು ದೊಡ್ಡದಾಗಿ ಇನ್ನೊಬ್ಬರ ಮನೆಯಲ್ಲಿ ಕೂತಿತ್ತು ಎನ್ನುವುದು ಅವನಿಗೆ ಇದುವರೆಗೂ ಹೊಳೆದಿರಲಿಲ್ಲ.

‘ತಾರಸಿ ಕೊಡ್ತೀನಿ’ ಎಂದಳು ಯಶೋದಮ್ಮ. ‘ಆದ್ರೆ ಅವತ್ತಿನ್ ಮಾತು ಇವತ್ತು ಈ ನಡುಮನೇಲಿ, ಮಂಚಮ್ಮನ ಮುಂದೆ, ಬಾಯಿ ಬುಟ್ಟು ಏಳು. ಹುಡುಗಿ ಒಪ್ಪಿಗೆ ಇಲ್ಲ ಅನ್ನು. ಅಷ್ಟ್ ಅಂದು ಮ್ಯಾಲಕ್ಕೆ ಹತ್ತು.’

‘ಯಾವ ಹುಡುಗಿ ಅವ್ವ?’ ಎನ್ನುತ್ತ ಒಳಕೋಣೆಯ ಬಾಗಿಲಿಗೆ ಕವಿತ ಬಂದು ನಿಂತಳು. ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ತೋಳಿನಲ್ಲಿ ಎರಡು ತಿಂಗಳ ಕೂಸು. ಅವಳ ಗಂಡ ಸ್ವರೂಪ್ ಮಳವಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರು, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೀಗೆ ಮದುವೆಯಾಗಿ ಮಗು ಹೆತ್ತ ಹುಡುಗಿಯನ್ನು ಅವಳ ತವರಿನ ನಡುಮನೆಯಲ್ಲಿ ನಿಂತು ಒಪ್ಪಿಗೆಯಿಲ್ಲ ಎನ್ನಬೇಕಾದ ಗಂಡಸು ಮಂಡ್ಯ ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು.

ರಘುನಂದನ ಎದ್ದು ನಿಂತ. ಬಾಯಿ ತೆರೆದ. ‘ಹುಡುಗಿ...’ ಎಂದ. ಅಲ್ಲಿಗೇ ನಿಲ್ಲಿಸಿದ. ಹೇಳಿದ್ದರೆ ಕೆಲಸ ಆಗಿಬಿಡುತ್ತಿತ್ತು. ಆದರೆ ಐದು ದಿನ ಕಾದ ಮೇಲೆ, ಆ ಹೆಂಗಸಿನ ಮುಖ ನೋಡಿದ ಮೇಲೆ ಮತ್ತೊಂದು ಸುಳ್ಳು ಹೇಳಲು ಅವನ ಕೈಲಾಗಲಿಲ್ಲ.

‘ಒಪ್ಪಿಗೆ ಇತ್ತು ಕಣಮ್ಮ’ ಎಂದುಬಿಟ್ಟ. ‘ಇದಕ್ಕಿಂತ ಒಳ್ಳೇದು ಇನ್ನೊಂದು ಸಿಕ್ಕಿದರೂ ಸಿಗಬಹುದು ಅಂತ ಸುಮ್ಮನಿದ್ದೆ. ಸಿಗಲಿಲ್ಲ. ಆಮೇಲೆ ಮುಖ ತೋರಿಸೋಕೆ ಆಗಲಿಲ್ಲ.’

ಪೇಪರು ಕೆಳಗಿಳಿಯಿತು. ಮಂಚಮ್ಮ ‘ಅಯ್ಯೋ ಸಿವ್ನೇ!’ ಎಂದು ಬಾಯಿಗೆ ಕೈ ಹಚ್ಚಿದಳು. ಬಾಗಿಲಲ್ಲಿ ನಿಂತಿದ್ದ ಕವಿತ ಮಾತ್ರ ಕೂಸನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡಳು.

‘ನಂಗೆ ಇರ್ಲಿಲ್ಲ ಕಣ್ರಿ’ ಎಂದಳು.

‘ಏನು?’

‘ಒಪ್ಪಿಗೆ. ನೀವು ಕಾರು ಹತ್ತಿ ಓದ ಸಾಯಂಕಾಲಾನೇ ನಮ್ಮವ್ವಂಗೆ ಏಳ್ದೆ, ಈ ಹುಡುಗ ಬ್ಯಾಡ ಅಂತ. ಬಂದಾಗಿಂದ ಫೋನಲ್ಲಿ ಇಳಿಸ್ಕಂಡು ತಂದಿದ್ದ ನಮ್ಮೂರ ಮ್ಯಾಪು ನೋಡ್ತಾ ಕುಂತಿದ್ರಿ. ಪಕ್ಕದಲ್ಲೇ ಕಿಟಕಿ ಇತ್ತು, ಆಚೆ ಊರಿತ್ತು. ಒಂದ್ಸಲ ಕತ್ತು ತಿರುಗಿಸ್ಲಿಲ್ಲ.’

ಶೋಭಿತಾ ಈ ಸಲ ಕಿಟಕಿಯ ಕಡೆ ತಿರುಗುವ ಶ್ರಮವನ್ನೂ ಪಡದೆ ನಕ್ಕಳು. ಮಂಚಮ್ಮ ಗೆಳತಿಯ ಮೇಲೆ ತಿರುಗಿಬಿದ್ದಳು. ‘ಅಲ್ಲಾ ಯಸೋದಾ, ಮಗಳೇ ಬ್ಯಾಡ ಅಂದಿದ್ ಮ್ಯಾಲೆ ಇವನ್ನ ಯಾಕ್ ಕಾದೆ? ನೀನೇ ಒಂದ್ ಫೋನ್ ಮಾಡಿ ಬ್ಯಾಡ ಅನ್ನಕೇನಾಗಿತ್ತು ದಾಡಿ?’

‘ಹೆಣ್ ಕಡೆಯೋರು ಮೊದ್ಲು ಬಾಯಿ ಬುಡಾಕಾಯ್ತದಾ? ಗಂಡಿನ್ ಕಡೆಯಿಂದ ಬರ್ಬೇಕು ಮಾತು’ ಎಂದಳು ಯಶೋದಮ್ಮ. ಸಿಕ್ಕಿಬಿದ್ದ ಸಿಟ್ಟಿಗೆ ಅವಳ ಮುಖ ಕೆಂಪಾಗಿತ್ತು. ‘ಅವ್ರು ಬ್ಯಾಡ ಅನ್ಲಿ, ಆಮ್ಯಾಲೆ ನಾವೂ ಬ್ಯಾಡ ಅಂದ್ಕಳಣ ಅಂತಿದ್ದೆ. ಬ್ಯಾಡ ಅನ್ನಿಸ್ಕಂಡ್ರೆ ಒಂದಿನ ಅತ್ತು ಎದ್ ಬುಡ್ಬೋದು ಕಣೆ ಮಂಚಿ. ಏನೂ ಅನ್ನಿಸ್ಕಳ್ದೆ ಕುಂತಿರಾದು ಐತಲ್ಲ, ಅದರಂತ ಸಂಕ್ಟ ಇನ್ನೊಂದಿಲ್ಲ.’

ಆಮೇಲೆ ಯಶೋದಮ್ಮನಿಗೆ ಏನೋ ಹೊಳೆಯಿತು. ರಘುನಂದನನ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. ‘ಇನ್ನೊಂದು ಸಿಗಬೌದು ಅಂತ ನೋಡ್ದೆ ಅಂದೆಯಲ್ಲ, ಏಟು ಮನೆ ನೋಡ್ದೆ?’

‘ಮೂರು’ ಎಂದ.

‘ಅವ್ರಿಗೇನಂದೆ?’

ರಘುನಂದನ ಬಗ್ಗಿ ಮೊರದ ಅವರೆಕಾಯಿ ಸುಲಿಯತೊಡಗಿದ.

‘ಅಯ್ಯೋ ನಿನ್ ಮನೆ ಕಾಯ್ವೋಗ! ಅವ್ರಿಗೂ ಏನೂ ಅಂದಿಲ್ವಾ?’ ಯಶೋದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ‘ನಡಿ ಮ್ಯಾಕೆ. ನಮ್ ತಾರಸಿ ಮ್ಯಾಲೆ ಫೋನು ಚೆನ್ನಾಗ್ ಸಿಗ್ತದೆ. ಮೊದ್ಲು ಆ ಮೂರು ಮನೆಗೂ ಏಳು, ಆಮ್ಯಾಲೆ ನಿನ್ ತಟ್ಟೆ ಕಟ್ಟು.’

ಹೀಗೆ ಭಾನುವಾರ ಮೂರು ಗಂಟೆಯ ಬಿಸಿಲಿನಲ್ಲಿ ಹೊನ್ನಯ್ಯನವರ ತಾರಸಿಯ ಮೇಲೆ ಒಂದು ಸಭೆ ಸೇರಿತು. ಯಶೋದಮ್ಮ, ಮಂಚಮ್ಮ, ಶೋಭಿತಾ, ಸುದ್ದಿ ಕೇಳಿ ಡೈರಿಯಿಂದ ಓಡಿಬಂದ ಶಿವರಾಮು. ಕವಿತ ಕೂಸಿನ ಜೊತೆ ಮೆಟ್ಟಿಲ ನೆರಳಿನಲ್ಲಿ ಕೂತಳು. ಕೊಪ್ಪ ಅಲ್ಲಿಂದ ಅಂಗೈ ಮೇಲಿಟ್ಟ ಹಾಗೆ ಕಾಣುತ್ತಿತ್ತು. ಫೋನಿನ ಗಂಟಲನ್ನು ಎಲ್ಲರಿಗೂ ಕೇಳುವಂತೆ ಬಿಚ್ಚಿಡಬೇಕೆಂದು ಮಂಚಮ್ಮ ಅಪ್ಪಣೆ ಮಾಡಿದಳು.

ಮೊದಲು ಮದ್ದೂರು. ‘ಯಾವ ರಘುನಂದನ್?’ ಎಂದಿತು ಗಂಡು ದನಿ. ಹೆಸರು, ಊರು, ಮಾವನ ಹೆಸರು ಎಲ್ಲ ಹೇಳಿದರೂ ಗುರುತು ಹತ್ತಲಿಲ್ಲ. ಕೊನೆಗೆ ಕೆಲಸ ಹೇಳಿದಾಗ, ‘ಓ, ಕ್ಯಾಮರಾದೋರಾ! ನಮ್ ಅಂಗ್ಡಿ ಕ್ಯಾಮರಾ ಕೆಟ್ಟೋಗಿ ತಿಂಗ್ಳಾಯ್ತು, ಯಾವಾಗ್ ಬತ್ತೀರಿ?’ ಎಂದ. ಮಗಳಿಗೆ ಮದುವೆಯಾಗಿ ಒಂದು ಕೂಸಂತೆ. ತಾನು ಇಷ್ಟು ದಿನ ಯಾರಿಗೆ ಹೆದರಿ ಮುಖ ಮರೆಸಿಕೊಂಡಿದ್ದನೋ ಅವರಿಗೆ ತನ್ನ ಮುಖವೇ ನೆನಪಿಲ್ಲ ಎನ್ನುವುದು ರಘುನಂದನನಿಗೆ ಸ್ವಲ್ಪ ಸಮಾಧಾನವನ್ನೂ ಸ್ವಲ್ಪ ಅವಮಾನವನ್ನೂ ಮಾಡಿತು.

ಎರಡನೆಯದು ಮಳವಳ್ಳಿ. ಆ ನಂಬರು ಈಗ ಬಳಕೆಯಲ್ಲಿರಲಿಲ್ಲ. ಮಂಚಮ್ಮ ಅದನ್ನು ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ ಎಂದು ಯೋಚಿಸಿ, ಹೋಗಲಿ ಬಿಡು ಎಂದು ತೀರ್ಪು ಕೊಟ್ಟಳು.

ಮೂರನೆಯದು ಹಲಗೂರು. ಅಲ್ಲಿಗೆ ಹೋಗಿ ವರ್ಷವಾಗಿತ್ತು. ಎರಡನೆಯ ಸದ್ದಿಗೇ ಒಬ್ಬ ಹೆಂಗಸು ಎತ್ತಿಕೊಂಡಳು. ರಘುನಂದನ ಹೆಸರು ಹೇಳಿದ. ಆಮೇಲೆ ‘ಏನೂಂದ್ರೆ, ಬನ್ನಿ ಬನ್ನಿ, ಮಂಡ್ಯದ ಹುಡುಗ ಫೋನ್ ಮಾಡವ್ನೆ!’ ಎಂದು ಮನೆಯೊಳಕ್ಕೆ ಕೂಗಿದ್ದು ಕೇಳಿಸಿತು. ಆ ಕೂಗಿನಲ್ಲಿದ್ದ ಸಂತೋಷ ಕೇಳಿ ತಾರಸಿಯ ಮೇಲಿದ್ದವರ ನಗು ನಿಂತಿತು.

‘ಏಳಪ್ಪಾ. ನಾನು ಅಂತಾನೇ ಇದ್ದೆ, ಒಳ್ಳೆ ಮನೆ ಹುಡುಗ, ಏಳೇ ಏಳ್ತಾನೆ ಅಂತ. ಬುದುವಾರ ಕನಕಪುರದ ಕಡೆಯೋರು ನಮ್ ಹುಡುಗಿ ಗಗನನ್ನ ನೋಡಾಕ್ ಬತ್ತೀವಿ ಅಂತವ್ರೆ. ಇನ್ನೊಂದ್ ಕಡೆ ಮಾತು ಬಾಕಿ ಐತೆ, ಕೇಳ್ಕಂಡ್ ಏಳ್ತೀವಿ ಅಂದಿದ್ದೆ. ಏನಂತೀಯಪ್ಪ?’

ರಘುನಂದನ ಆ ಹುಡುಗಿಯ ಮುಖ ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

‘ಇಲ್ಲಮ್ಮ’ ಎಂದ. ‘ನಮ್ಮ ಕಡೆಯಿಂದ ಇಲ್ಲ. ವರ್ಷದ ಹಿಂದೆಯೇ ಹೇಳಬೇಕಿತ್ತು. ಹೇಳದೆ ಹೋದದ್ದು ನನ್ನ ತಪ್ಪು. ನಿಮ್ಮ ಮಗಳಲ್ಲಿ ಏನೂ ಕೊರತೆಯಿಲ್ಲ. ಕನಕಪುರದವರಿಗೆ ಬರಹೇಳಿ.’

ಬೈಗುಳಕ್ಕೆ ಅವನು ಕಾದ. ಬಂದಿದ್ದರೆ ಒಳ್ಳೆಯದಿತ್ತು.

‘ಆಯ್ತು ಬುಡಪ್ಪ’ ಎಂದಳು ಆ ತಾಯಿ. ‘ಫೋನ್ ಮಾಡಿ ಏಳ್ದೆಯಲ್ಲ, ಅಸ್ಟ್ ಸಾಕು. ಎಲ್ರೂ ಏಳಾಕಿಲ್ಲ.’ ಫೋನು ಇಡುವ ಮುಂಚೆ, ‘ಊಟ ಆಯ್ತಾ ನಿಂದು?’ ಎಂದಳು.

ರಘುನಂದನ ಹೂಂ ಎಂದನೋ ಇಲ್ಲ ಎಂದನೋ ಅವನಿಗೇ ತಿಳಿಯಲಿಲ್ಲ. ಬೈದು ಕಳಿಸಿದವರನ್ನು ಮರೆಯಬಹುದು, ಊಟ ಕೇಳಿದವರನ್ನು ಹೇಗೆ ಮರೆಯುವುದು?

ಮಾರನೆಯ ದಿನ ಅಧಿಕಾರಿಗಳು ಬಂದರು, ಅರ್ಧ ಗಂಟೆ ನೋಡಿದರು, ಒಪ್ಪಿ ಎಳನೀರು ಕುಡಿದು ಹೋದರು. ಹದಿನೆಂಟು ಹಳ್ಳಿಯ ಕೆಲಸವೂ ಬಂತು. ಆದರೆ ಅದು ಮಾರನೆಯ ದಿನದ ಮಾತು. ಭಾನುವಾರ ಅವನು ಡಿಶ್ಶನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನೀರಿನ ತೊಟ್ಟಿಗೆ ಒರಗಿಸಿದ ಏಣಿಯ ಕೆಳಗೆ ನಿಂತಿದ್ದ. ಏಣಿ ಹತ್ತುವುದು ಶೋಭಿತಾಳ ಕೆಲಸವಾಗಿತ್ತು, ಅವಳು ಮುಂದೆ ಬಂದಳು. ನಾನೇ ಹತ್ತುತ್ತೇನೆ ಎಂದ. ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಏಣಿ ಅಲುಗಿತು.

ಯಶೋದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಂದಳು. ಹಲಗೂರಿನ ಆ ಹೆಂಗಸನ್ನು ಅವಳು ಕಂಡವಳಲ್ಲ, ಆದರೂ ಚೆನ್ನಾಗಿ ಬಲ್ಲಳು. ಏಣಿಯ ಎರಡು ಕಾಲನ್ನೂ ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದಳು.

‘ಹತ್ತು ಕಣಪ್ಪ’ ಎಂದಳು. ‘ನಾನ್ ಹಿಡ್ಕಂಡಿವ್ನಿ.’